ವೇದಾವತಿ – ಹಗರಿ: ಎರಡು ರಾಜ್ಯ, ಒಂದೇ ಹೊಳೆ

ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ವೇದಾವತಿ, ರಾಯದುರ್ಗ–ಬಳ್ಳಾರಿ ಸೀಮೆಯಲ್ಲಿ ಹಗರಿ. ಹೆಸರು ಎರಡಾದರೂ ಹೊಳೆ ಒಂದೇ. ಕರ್ನಾಟಕದಲ್ಲಿ ಹುಟ್ಟಿ, ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯನ್ನು ಹಾದು, ಮತ್ತೆ ಕರ್ನಾಟಕಕ್ಕೆ ಮರಳಿ ತುಂಗಭದ್ರೆಯನ್ನು ಸೇರುತ್ತದೆ.

ಹರಿವು

ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಿಂದ ಬರುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗ, ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳನ್ನು ದಾಟಿದ ನದಿ ಪರಶುರಾಂಪುರದ ಆಚೆ ಗಡಿ ದಾಟುತ್ತದೆ. ಮುಂದೆ ಕಣೇಕಲ್ಲು, ಬೊಮ್ಮನಹಾಳ್ ಭಾಗದಲ್ಲಿ ಹರಿದು ಬಳ್ಳಾರಿ ಜಿಲ್ಲೆಗೆ ಬಂದು, ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಕೂಡುತ್ತದೆ.

ಎರಡು ಅಣೆಕಟ್ಟುಗಳು

ಹಿರಿಯೂರು ಬಳಿಯ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ವಾಣಿ ವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಸಾಮರ್ಥ್ಯ ಸುಮಾರು 30 ಟಿಎಂಸಿ. ಕೆಳಗೆ, ರಾಯದುರ್ಗ ಸೀಮೆಯಲ್ಲಿ ಭೈರವಾನಿತಿಪ್ಪ (ಬಿ.ಟಿ.ಪಿ.) ಜಲಾಶಯವಿದೆ. ಇದು ಸುಮಾರು 2 ಟಿಎಂಸಿಯದು, ಅಚ್ಚುಕಟ್ಟು ಸುಮಾರು 12 ಸಾವಿರ ಎಕರೆ.

ಹಂಚಿಕೆಯ ಹಿನ್ನೆಲೆ

1892ರ ಮದ್ರಾಸ್–ಮೈಸೂರು ಒಪ್ಪಂದದ ನದಿಪಟ್ಟಿಯಲ್ಲಿ ವೇದಾವತಿಯೂ ಇತ್ತು. ಆಗ ರಾಯದುರ್ಗವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಬಂತು. ಹಗರಿ ದಂಡೆಯ ಕನ್ನಡದ ಊರುಗಳು ಹೀಗೆ ಎರಡು ರಾಜ್ಯಗಳ ಪಾಲಾದವು.

ನೀರು ಬಾರದ ವರ್ಷಗಳು

ವಾಣಿ ವಿಲಾಸ ಸಾಗರ ಭರ್ತಿಯಾಗುವ ಮಟ್ಟ 130 ಅಡಿ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ಅಂದರೆ ಮೇಲಿನ ಜಲಾನಯನದ ನೀರು ಬಹುಕಾಲ ಅಲ್ಲಿಯೇ ನಿಂತಿತು. ಬಿ.ಟಿ.ಪಿ.ಗೆ ಉಳಿದದ್ದು ಅಣೆಕಟ್ಟಿನ ಕೆಳಗೆ ಸೇರುವ ಸುವರ್ಣಮುಖಿಯಂಥ ಹಳ್ಳಗಳ ನೀರು, ಅದೂ ದಾರಿಯ ಬ್ಯಾರೇಜುಗಳನ್ನು ದಾಟಿ ಬಂದಷ್ಟು. ಬಿ.ಟಿ.ಪಿ. ಕಾಲುವೆ ನಂಬಿದ ರೈತರು ಎಷ್ಟೋ ವರ್ಷ ಮಳೆಯಾಶ್ರಿತ ಶೇಂಗಾಕ್ಕೆ, ಕೊಳವೆಬಾವಿಗೆ ಮರಳಬೇಕಾಯಿತು. ಕಣೇಕಲ್ಲು, ಬೊಮ್ಮನಹಾಳ್ ಕಡೆ ಭತ್ತ ಬೆಳೆಯುವುದು ಹಗರಿಯಿಂದಲ್ಲ, ತುಂಗಭದ್ರಾ ಮೇಲ್ದಂಡೆ ಕಾಲುವೆಯಿಂದ.

ಮರಳು

ಒಣಗಿದ ಹೊಳೆಯ ಮರಳನ್ನು ಮುಂಗಾರಿನ ಪಡುವಣ ಗಾಳಿ ಎತ್ತಿ ಮೂಡಣ ದಂಡೆಯ ಹೊಲಗಳಿಗೆ ಸುರಿಯುತ್ತದೆ. ದರ್ಗಾ ಹೊನ್ನೂರಿನ ಸುತ್ತ ಮರಳುದಿಬ್ಬಗಳೇ ಎದ್ದಿವೆ. ಆದರೆ ಹೊಳೆಯ ಒಡಲಲ್ಲಿರುವ ಮರಳೇ ನೀರನ್ನು ಹಿಡಿದು ದಂಡೆಯ ಬಾವಿಗಳಿಗೆ ಊಡುವುದು. ಅದನ್ನು ಮಿತಿಮೀರಿ ತೆಗೆದರೆ ಅಂತರ್ಜಲ ಇಳಿಯುತ್ತದೆ. ಹೊಲದ ಮರಳಿಗೆ ಮರಗಳ ತಡೆ, ಹೊಳೆಯ ಮರಳಿಗೆ ಕಾವಲು, ಇವೆರಡೂ ಬೇಕು.

ವಾಣಿ ವಿಲಾಸದ ಮಟ್ಟ ಎಷ್ಟು ಅಡಿಗೆ ಬಂತು ಎಂದು ಮಳೆಗಾಲದಲ್ಲಿ ಹಿರಿಯೂರಿನವರಷ್ಟೇ ಆಸ್ಥೆಯಿಂದ ರಾಯದುರ್ಗ ಸೀಮೆಯವರೂ ಕೇಳುವುದು ಇದಕ್ಕಾಗಿಯೇ.