ಜಠರದ ಯೂರಿಯೇಸ್: ಒಂದು ಕಿಣ್ವದ ಇತಿಹಾಸ

ಜೀವಿಗಳ ದೇಹದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸಿ, ತಾವು ಮಾತ್ರ ವ್ಯಯವಾಗದೆ ಉಳಿಯುವ ಪದಾರ್ಥಗಳಿಗೆ ಕಿಣ್ವಗಳೆಂದು ಹೆಸರು. ಯೂರಿಯೇಸ್ ಎಂಬುದು ಇವುಗಳಲ್ಲಿ ಒಂದು. ಯೂರಿಯವನ್ನು ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡುಗಳಾಗಿ ಒಡೆಯುವುದೇ ಇದರ ಕೆಲಸ. ಕೆಲಸವು ಅಲ್ಪವೆಂದು ತೋರಿದರೂ ರೋಗನಿದಾನಕ್ಕೂ ಚಿಕಿತ್ಸೆಗೂ ಇದರಿಂದಾದ ಉಪಕಾರ ಅಲ್ಪವಲ್ಲ. ಒಂದು ಪದಾರ್ಥದ ಕೆಲಸವೂ ಸ್ವರೂಪವೂ ತಿಳಿದಿದ್ದರೂ, ಅದು ಯಾವ ಜೀವಿಯದೆಂಬ ಪ್ರಶ್ನೆಯನ್ನು ಬಿಟ್ಟುಬಿಟ್ಟರೆ ಶಾಸ್ತ್ರವು ಎಷ್ಟು ಕಾಲ ದಾರಿತಪ್ಪಬಹುದೆಂಬುದನ್ನು ಈ ಕಿಣ್ವದ ಚರಿತ್ರೆಯಿಂದ ತಿಳಿಯಬಹುದಾಗಿದೆ.

ಸೋಯಾ ಅವರೆಯಲ್ಲಿ ಯೂರಿಯೇಸ್ ಇರುವುದನ್ನು 1909ರಲ್ಲಿ ತಾಕೆಯುಚಿ ಎಂಬ ಜಪಾನೀ ವಿದ್ವಾಂಸರು ಪ್ರಕಟಿಸಿದರು. ಇದರಿಂದ ವೈದ್ಯರಿಗೆ ಒಂದು ಸುಲಭ ಸಾಧನವು ದೊರೆಯಿತು. ಮೂತ್ರಪಿಂಡಗಳು ಕೆಟ್ಟಾಗ ರಕ್ತದಲ್ಲಿ ಯೂರಿಯ ಹೆಚ್ಚುತ್ತದೆ. ರಕ್ತಕ್ಕೆ ಈ ಕಿಣ್ವವನ್ನು ಸೇರಿಸಿ, ಹುಟ್ಟುವ ಅಮೋನಿಯವನ್ನು ಅಳೆದರೆ ಯೂರಿಯದ ಪ್ರಮಾಣವು ಗೊತ್ತಾಗುತ್ತದೆ. ಅಮೆರಿಕದ ಇ. ಕೆ. ಮಾರ್ಷಲರು 1913ರಲ್ಲಿ ಈ ಕ್ರಮವನ್ನು ಆಚರಣೆಗೆ ತಂದರು. 1914ರಲ್ಲಿ ವಾನ್ ಸ್ಲೈಕ್ ಮತ್ತು ಕಲ್ಲೆನ್ ಎಂಬುವರು ಅದನ್ನು ಉತ್ತಮಪಡಿಸಿದರು. ಇಂದಿಗೂ ಪ್ರಯೋಗಶಾಲೆಗಳಲ್ಲಿ ರಕ್ತದ ಯೂರಿಯವನ್ನು ಅಳೆಯಲು ಯೂರಿಯೇಸನ್ನು ಬಳಸುವುದುಂಟು.

ಹೀಗೆ ಕೆಲಸವು ತಿಳಿದಿದ್ದರೂ ಸ್ವರೂಪವು ತಿಳಿದಿರಲಿಲ್ಲ. ಅದನ್ನು ತಿಳಿಯಲು ಹೊರಟವರು ಕಾರ್ನೆಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಸಮ್ನರರು. ಇವರು ಎಡಚರು, ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅಪಘಾತದಿಂದ ಆ ಎಡಗೈಯನ್ನೇ ಕಳೆದುಕೊಂಡಿದ್ದರು. 1917ರಲ್ಲಿ ತೊಡಗಿದ ಕಾರ್ಯವು ಒಂಬತ್ತು ವರ್ಷಗಳ ತರುವಾಯ ಫಲಿಸಿತು. ಜ್ಯಾಕ್ ಬೀನ್ ಎಂಬ ಕಾಳಿನ ಹಿಟ್ಟನ್ನು ನೀರು ಬೆರೆಸಿದ ಅಸಿಟೋನಿನಲ್ಲಿ ಕಲಸಿ, ಸೋಸಿದ ರಸವನ್ನು ರಾತ್ರಿಯೆಲ್ಲ ತಣ್ಣಗಿಟ್ಟಾಗ ಅದರಲ್ಲಿ ಸಣ್ಣ ಹರಳುಗಳು ಕಂಡುಬಂದುವು. ಅವು ಪ್ರೋಟೀನಿನ ಹರಳುಗಳು; ಕಿಣ್ವದ ಶಕ್ತಿಯೆಲ್ಲವೂ ಅವುಗಳಲ್ಲಿಯೇ ಇದ್ದಿತು. ಇದು 1926ರ ಸಂಗತಿ. ಕಿಣ್ವವು ಪ್ರೋಟೀನ್ ಅಲ್ಲ, ಪ್ರೋಟೀನ್ ಅದನ್ನು ಹೊರುವ ವಾಹಕ ಮಾತ್ರವೆಂಬುದು ಜರ್ಮನಿಯ ವಿಲ್‌ಸ್ಟೆಟರ್ ಅವರ ಮತವಾಗಿದ್ದಿತು. ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಆ ಪ್ರಸಿದ್ಧರ ಮಾತಿನ ಮುಂದೆ ಸಮ್ನರರ ಹರಳುಗಳನ್ನು ನಂಬಿದವರು ವಿರಳ. ನಾರ್ತ್ರಪರು 1930ರಲ್ಲಿ ಪೆಪ್ಸಿನ್ ಕಿಣ್ವವನ್ನೂ ಹರಳಾಗಿ ತೆಗೆದ ಬಳಿಕ ವಾದವು ಕ್ರಮೇಣ ಇತ್ಯರ್ಥವಾಯಿತು. 1946ರಲ್ಲಿ ಸಮ್ನರರಿಗೆ ನೊಬೆಲ್ ಪಾರಿತೋಷಕದ ಅರ್ಧಾಂಶವು ಸಂದಿತು.

ಇತ್ತ 1924ರಲ್ಲಿಯೇ ಲಕ್ ಮತ್ತು ಸೇಠ್ ಎಂಬಿಬ್ಬರು ವಿದ್ವಾಂಸರು ಪ್ರಾಣಿಗಳ ಜಠರದ ಒಳಪೊರೆಯಲ್ಲಿ ಯೂರಿಯೇಸ್ ಇರುವುದನ್ನು ಪ್ರಕಟಿಸಿದ್ದರು. ಜಠರದಲ್ಲಿ ಕಂಡುದರಿಂದ ಅದು ಜಠರದ್ದೇ ಇರಬೇಕೆಂದು ವಿದ್ವಾಂಸರು ಊಹಿಸಿದರು. ಅಮೋನಿಯವು ಆಮ್ಲವನ್ನು ಶಮನಮಾಡುವುದರಿಂದ, ದೇಹವು ತನ್ನ ರಕ್ಷಣೆಗಾಗಿಯೇ ಈ ಕಿಣ್ವವನ್ನು ಇಟ್ಟುಕೊಂಡಿದೆಯೆಂಬ ಸಿದ್ಧಾಂತವೂ ಹುಟ್ಟಿತು. ಐರ್ಲೆಂಡಿನ ಫಿಟ್ಸ್‌ಜೆರಾಲ್ಡರು ಇದನ್ನು ನಂಬಿ, ಜಠರವ್ರಣದ ರೋಗಿಗಳಿಗೆ ಯೂರಿಯವನ್ನೇ ಔಷಧವಾಗಿ ಕೊಟ್ಟುನೋಡಿದರು. ತರ್ಕವು ಸರಿಯಾಗಿಯೇ ಇದ್ದಿತು. ಆಧಾರವಾದ ಊಹೆಯು ಮಾತ್ರ ಪರೀಕ್ಷಿತವಾಗಿರಲಿಲ್ಲ.

ವಿರುದ್ಧ ಪ್ರಮಾಣಗಳು ದೊರೆಯದೆ ಇರಲಿಲ್ಲ. ಪ್ರತಿಜೈವಿಕ ಔಷಧಗಳನ್ನು ಕೊಟ್ಟರೆ ಜಠರರಸದಲ್ಲಿ ಅಮೋನಿಯವು ತಗ್ಗುವುದೆಂದು ಲೀಬರ್ ಮತ್ತು ಲೆಫೆವ್ರ್ ಎಂಬುವರು 1959ರಲ್ಲಿ ತೋರಿಸಿದರು. ಸೂಕ್ಷ್ಮಾಣುಗಳ ಸೋಂಕೇ ಇಲ್ಲದಂತೆ ಬೆಳೆಸಿದ ಪ್ರಾಣಿಗಳ ಜಠರದಲ್ಲಿ ಯೂರಿಯೇಸ್ ಇಲ್ಲವೆಂಬುದು 1968ರಲ್ಲಿ ಪ್ರಕಟವಾಯಿತು. ಕಿಣ್ವವು ಜಠರದ್ದಲ್ಲ, ಸೂಕ್ಷ್ಮಾಣುಗಳದೆಂಬುದು ಇದರಿಂದ ಸ್ಪಷ್ಟವಾಗಬೇಕಾಗಿದ್ದಿತು. ಆದರೆ ಈ ಬರಹಗಳತ್ತ ಹೆಚ್ಚಿನ ಗಮನ ಹರಿಯಲಿಲ್ಲ. 1954ರಲ್ಲಿ ಪಾಮರ್ ಎಂಬ ವೈದ್ಯರು ಸಾವಿರಕ್ಕೂ ಹೆಚ್ಚು ಮಂದಿಯ ಜಠರದ ಒಳಪೊರೆಯನ್ನು ಪರೀಕ್ಷಿಸಿ ಅಲ್ಲಿ ಸೂಕ್ಷ್ಮಾಣುಗಳನ್ನು ಕಾಣಲಿಲ್ಲವೆಂದು ಹೇಳಿದ್ದುದರಿಂದ, ವೈದ್ಯರು ಆ ದಿಕ್ಕಿನಲ್ಲಿ ನೋಡುವುದನ್ನೇ ಬಿಟ್ಟಿದ್ದರು. ಆಮ್ಲದ ಆಧಿಕ್ಯ ಮತ್ತು ಮನಸ್ಸಿನ ಚಿಂತೆ ಇವೇ ಹುಣ್ಣಿನ ಕಾರಣಗಳೆಂದೂ, ಪಥ್ಯ, ಕ್ಷಾರ, ಶಸ್ತ್ರಚಿಕಿತ್ಸೆ ಇವೇ ಪರಿಹಾರಗಳೆಂದೂ ಭಾವನೆ ನೆಲೆಗೊಂಡಿದ್ದಿತು. ಹುಣ್ಣು ಮಾಗುವುದು, ಮರಳುವುದು. ರೋಗಿಯು ಬಾಳೆಲ್ಲ ನೋಯುವುದು. ಇದೇ ಕ್ರಮವಾಗಿದ್ದಿತು.

ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ನರು 1979ರಲ್ಲಿ ಜಠರದ ಒಳಪೊರೆಯ ಮೇಲೆ ಬಾಗಿದ ಆಕಾರದ ಸೂಕ್ಷ್ಮಾಣುಗಳನ್ನು ಕಂಡರು. ಅವು ಬೆಳ್ಳಿಯ ಲವಣದಿಂದ ಬಣ್ಣಕಟ್ಟಿದಾಗ ಸ್ಫುಟವಾಗಿ ತೋರಿದುವು. 1981ರಲ್ಲಿ ಅವರನ್ನು ಕೂಡಿಕೊಂಡ ಬ್ಯಾರಿ ಮಾರ್ಷಲರು (ಮೇಲೆ ಹೇಳಿದ ಮಾರ್ಷಲರು ಬೇರೆ) 1982ರಲ್ಲಿ ಅವುಗಳನ್ನು ಬೆಳೆಸಿದರು. ತಟ್ಟೆಗಳನ್ನು ಈಸ್ಟರ್ ರಜೆಯಿಂದಾಗಿ ವಾಡಿಕೆಗಿಂತ ಹೆಚ್ಚು ದಿನ ಬಿಟ್ಟದ್ದರಿಂದ ನಿಧಾನವಾಗಿ ಬೆಳೆಯುವ ಈ ಜೀವಿಗಳು ಕಾಣಿಸಿಕೊಂಡುವು. 1984ರಲ್ಲಿ ಮಾರ್ಷಲರು ತಾವೇ ಅವನ್ನು ಕುಡಿದು ಜಠರದ ಉರಿಯೂತಕ್ಕೆ ಗುರಿಯಾದರು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಹೆಸರು ಈ ಜೀವಿಗೆ 1989ರಲ್ಲಿ ಬಂದಿತು. ಯೂರಿಯೇಸಿನ ಒಡೆತನವೂ ಆಗಲೇ ತಿಳಿದಿದ್ದಿತು: ಈ ಜೀವಿಯು ತನ್ನಲ್ಲಿ ಹೇರಳವಾಗಿರುವ ಆ ಕಿಣ್ವದಿಂದ ಅಮೋನಿಯವನ್ನು ಹುಟ್ಟಿಸಿ, ತನ್ನ ಸುತ್ತಣ ಆಮ್ಲವನ್ನು ತಣಿಸಿಕೊಂಡು ಬದುಕುತ್ತದೆ. ದೇಹದ ಕವಚವೆಂದು ಭಾವಿಸಿದ್ದುದು ಶತ್ರುವಿನ ಕವಚವಾಗಿದ್ದಿತು.

ಶತ್ರುವಿನ ಗುರುತಾದ ಅದೇ ಕಿಣ್ವವು ನಿದಾನದ ಸಾಧನವೂ ಆಯಿತು. ಒಳಪೊರೆಯ ಚೂರನ್ನು ಯೂರಿಯವಿರುವ ಬಣ್ಣದ ದ್ರವ್ಯದಲ್ಲಿಟ್ಟರೆ, ಯೂರಿಯೇಸ್ ಇದ್ದಲ್ಲಿ ಹಳದಿಯು ಕೆಂಪಾಗುತ್ತದೆ. ಗುರುತುಳ್ಳ ಇಂಗಾಲದಿಂದ ಮಾಡಿದ ಯೂರಿಯವನ್ನು ಕುಡಿಸಿ, ಉಸಿರಿನಲ್ಲಿ ಆ ಇಂಗಾಲವು ಬರುವುದೇ ಎಂದು ನೋಡುವ ಕ್ರಮವೂ ಬಳಕೆಗೆ ಬಂದಿತು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಸಭೆಯು, ಈ ಸೋಂಕುಳ್ಳ ವ್ರಣರೋಗಿಗಳಿಗೆ ಸೂಕ್ಷ್ಮಾಣುನಾಶಕ ಚಿಕಿತ್ಸೆ ಸಲ್ಲಬೇಕೆಂದು ನಿರ್ಣಯಿಸಿತು. 2005ರಲ್ಲಿ ವಾರೆನ್ ಮತ್ತು ಮಾರ್ಷಲರಿಗೆ ನೊಬೆಲ್ ಪಾರಿತೋಷಕವು ಸಂದಿತು. ನೋವುಶಮನದ ಕೆಲವು ಔಷಧಗಳಿಂದಲೂ ಹುಣ್ಣು ಬರುವುದುಂಟು. ಆದಕಾರಣ ಎಲ್ಲ ವ್ರಣಗಳಿಗೂ ಈ ಜೀವಿಯೇ ಕಾರಣವೆಂದು ಹೇಳಲಾಗದು.

1924ರಿಂದ 1982ರವರೆಗೆ 58 ವರ್ಷಗಳು ಕಳೆದುವು. ಈ ಅವಧಿಯಲ್ಲಿ ಸತ್ಯವು ಯಾರಿಗೂ ಕಾಣದಂತೆ ಅಡಗಿರಲಿಲ್ಲ. ಅದರ ಅಂಶಗಳು ಬೇರೆಬೇರೆ ಶಾಸ್ತ್ರಗಳ ಪತ್ರಿಕೆಗಳಲ್ಲಿ ಅಚ್ಚಾಗಿಯೇ ಇದ್ದುವು. ಕೂಡಿಸಿ ಓದುವವರು ಇರಲಿಲ್ಲ. ಅಷ್ಟು ಕಾಲದ ರೋಗಿಗಳು ತೆತ್ತ ಬೆಲೆಯನ್ನು ನೆನೆದರೆ, ಒಂದು ಶಾಸ್ತ್ರದವರು ಮತ್ತೊಂದು ಶಾಸ್ತ್ರದವರ ಬರಹವನ್ನು ಓದುವುದು ವಿದ್ವತ್ತಿನ ಅಲಂಕಾರವಲ್ಲ, ಕರ್ತವ್ಯವೆಂಬುದು ಮನಗಾಣುತ್ತದೆ.