ಸಿಡುಬಿನ ಶಾಸನ ತಂದ ನ್ಯಾಯಾಧೀಶ

ವರಾಛಾದ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಲಸಿಕೆಯ ಲೆಕ್ಕ ಎರಡು ಬಗೆ. ಹೆರಿಗೆ ತವರಿನಲ್ಲಾಗಿದ್ದರೆ ತಾಯಿ ಕಾರ್ಡು, ಸೂರತಿನಲ್ಲೇ ಆಗಿದ್ದರೆ ಮಮತಾ ಕಾರ್ಡು. ಇಂದು ಸಹಜವೆನಿಸುವ ಈ ಏರ್ಪಾಟಿನ ಹಿಂದೆ, ಮಗುವಿನ ತೋಳನ್ನು ಮುಟ್ಟಲು ಸರಕಾರಕ್ಕೆ ಅಧಿಕಾರವುಂಟೇ ಎಂಬ ದೊಡ್ಡ ವಾದವಿದೆ. ಆ ವಾದವನ್ನು ವೈಸರಾಯರ ಶಾಸನಸಭೆಗೆ ತಂದ ಭಾರತೀಯರು ವೈದ್ಯರಾಗಿರಲಿಲ್ಲ, ನಿವೃತ್ತ ನ್ಯಾಯಾಧೀಶರಾಗಿದ್ದರು.

ಅವರೇ ಸಯ್ಯದ್ ಅಹಮದ್ ಖಾನರು. ಅಲಿಗಢದ ವಿದ್ಯಾಸಂಸ್ಥೆಯ ಸ್ಥಾಪಕರೆಂದು ನಾವು ಅವರನ್ನು ಬಲ್ಲೆವು. ಆದರೆ 1817ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಅವರು ಬಾಳಿನ ಬಹುಭಾಗವನ್ನು ಕಳೆದುದು ಕೋರ್ಟುಗಳಲ್ಲಿ. ಮುನ್ಸೀಫರಾಗಿ ಮೇಲೇರಿ, 1876ರಲ್ಲಿ ಬನಾರಸಿನಲ್ಲಿ ನಿವೃತ್ತರಾದರು. 1878ರಲ್ಲಿ ಶಾಸನಸಭೆಯ ಸದಸ್ಯರಾಗಿ, ಮರುವರ್ಷ ಸಿಡುಬಿನ ಲಸಿಕೆಯ ಮಸೂದೆಯನ್ನು ಮಂಡಿಸಿದರು.

ಕೆಲಸ ಸುಲಭದ್ದಾಗಿರಲಿಲ್ಲ. ಸಿಡುಬು ನಮ್ಮ ಕಡೆ ಅಮ್ಮನೆಂದೂ ಗುಜರಾತಿನಲ್ಲಿ ಶೀತಳಾ ಮಾತೆಯೆಂದೂ ಪೂಜೆಗೊಳ್ಳುತ್ತಿತ್ತು. ಶೀತಳಾ ಸಾತಮಿನಂದು ಒಲೆ ಹಚ್ಚದ ಮನೆಗಳು ಇಂದಿಗೂ ನಮ್ಮ ನೆರೆಯಲ್ಲಿವೆ. ಒಂದು ಮಗುವಿನ ತೋಳಿನ ರಸವನ್ನು ಇನ್ನೊಂದಕ್ಕೆ ಹಾಕಿದರೆ ಜಾತಿಯ ಆಕ್ಷೇಪ. ಕರುವಿನಿಂದ ತೆಗೆದರೆ ಧರ್ಮದ ಆಕ್ಷೇಪ. ಇತ್ತ ರೋಗವೋ ಮಕ್ಕಳ ಪ್ರಾಣವನ್ನೂ ಕಣ್ಣನ್ನೂ ಕೊಳ್ಳುತ್ತಿತ್ತು.

1880ರಲ್ಲಿ ಮಸೂದೆ ಶಾಸನವಾಯಿತು. ಲಸಿಕೆಯನ್ನು ಕಡ್ಡಾಯ ಮಾಡಿದರೂ ಅದನ್ನು ದೇಶದ ಮೇಲೆ ಒಮ್ಮೆಲೇ ಹೇರಲಿಲ್ಲ. ಊರಿನ ಪುರಸಭೆ ವಿಶೇಷ ಸಭೆ ಸೇರಿ ಬಹುಮತದಿಂದ ಒಪ್ಪಬೇಕು; ಪ್ರಕಟಣೆಯಾದ ಆರು ವಾರಗಳೊಳಗೆ ಯಾವ ನಿವಾಸಿಯೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಕಡ್ಡಾಯದ ಮುಂದೆ ಕೇಳುವಿಕೆಯನ್ನು ಇಟ್ಟದ್ದೇ ಈ ಶಾಸನದ ವೈಶಿಷ್ಟ್ಯ.

ಸೂರತ್, ಧಾರವಾಡ ಎರಡೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿಯ ಜಿಲ್ಲೆಗಳಿಗೆ 1892ರಲ್ಲಿ ಬೇರೆಯೇ ಲಸಿಕೆ ಕಾನೂನು ಬಂತು. ಆದರೆ ಕಾನೂನೊಂದೇ ಜನರನ್ನು ಲಸಿಕೆಗೆ ಕರೆತರುವುದಿಲ್ಲ ಎಂಬುದಕ್ಕೆ ಹುಬ್ಬಳ್ಳಿಯೇ ಸಾಕ್ಷಿ. 1898ರಲ್ಲಿ ಪ್ಲೇಗು ಬಂದಾಗ ಹಾಫ್‌ಕಿನ್ ಲಸಿಕೆಯನ್ನು ಅಲ್ಲಿ 30,000ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಸಿಡುಬಿನ ಲಸಿಕೆಯಂತೆ ಅದನ್ನು ಯಾವ ಶಾಸನವೂ ಕಡ್ಡಾಯ ಮಾಡಿರಲಿಲ್ಲ.

ಅದೇ ಪ್ರಶ್ನೆ ಕೋವಿಡ್ ಕಾಲದಲ್ಲಿ ಮತ್ತೆ ಎದ್ದಿತು. ಮಕ್ಕಳ ವೈದ್ಯರಾದ ಜೇಕಬ್ ಪುಲಿಯೆಲ್ ಹೂಡಿದ ಮೊಕದ್ದಮೆಯಲ್ಲಿ 2022ರ ಮೇ 2ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸರಕಾರದ ಲಸಿಕಾ ನೀತಿ ಅವಿವೇಕದ್ದಲ್ಲ. ಆದರೂ ಸಂವಿಧಾನದ 21ನೆಯ ವಿಧಿಯಂತೆ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಸಮಾಜದ ಆರೋಗ್ಯಕ್ಕಾಗಿ ಮಿತವಾದ ನಿರ್ಬಂಧ ವಿಧಿಸಬಹುದು. ಲಸಿಕೆಯ ಅಡ್ಡ ಪರಿಣಾಮಗಳ ವಿವರ ಜನರಿಗೆ ತಿಳಿಯಬೇಕು. ತೀರ್ಪಿನ ಸಾರ ಇಷ್ಟು.

ಸಿಡುಬಿನ ಕೊನೆಯ ಪ್ರಕರಣ ಭಾರತದಲ್ಲಿ ಕಂಡುದು 1975ರಲ್ಲಿ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಸಯ್ಯದರ ಶಾಸನಕ್ಕೆ ಅಂದು ಸರಿಯಾಗಿ ನೂರು ವರ್ಷ. ಮನೆಮನೆಗೆ ನಡೆದು ಲಸಿಕೆ ಹಾಕಿದವರಿಗೆ ಈ ಯಶಸ್ಸಿನ ಹಿರಿಯ ಪಾಲು ಸಲ್ಲಬೇಕು. ಆದರೆ ಒಪ್ಪದವನ ಅಹವಾಲಿಗೂ ಆರು ವಾರ ಕಾಯಬೇಕೆಂದ ಕಾನೂನನ್ನು ತಂದ ನ್ಯಾಯಾಧೀಶರನ್ನು ಮರೆಯಲಾಗದು. ಪರಊರಿನಲ್ಲಿ ಬದುಕು ಕಟ್ಟಿಕೊಂಡ ನಾವು, ಮುನಿಸಿಪಾಲಿಟಿಯ ಲಸಿಕೆಯವರು ಬಾಗಿಲಿಗೆ ಬಂದಾಗ ಅನುಮಾನವಿದ್ದರೆ ಕೇಳೋಣ. ಕೇಳಿ ತಿಳಿದು ಮಕ್ಕಳಿಗೆ ಲಸಿಕೆ ಹಾಕಿಸೋಣ.