ಪಿಡುಗು ಮತ್ತು ದಾಸೋಹ: ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಸಮುದಾಯ ಸೇವೆ

ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ವಿಜಯಪುರ ನಗರ ಮತ್ತು ಅದಕ್ಕೆ ಹೊಂದಿಕೊಂಡ ತಿಕೋಟಾ, ಬಬಲೇಶ್ವರ ತಾಲೂಕುಗಳಲ್ಲಿ ಧಾರ್ಮಿಕ ಸಮುದಾಯಗಳು ನಡೆಸಿಕೊಂಡು ಬಂದ ಸೇವೆಯ ಚರಿತ್ರೆಯಿದು. ಈ ಸೀಮೆಯಲ್ಲಿ ಪಿಡುಗಿಗೂ ಬರಕ್ಕೂ ಬಿಡದ ನಂಟು. ಹೊಟ್ಟೆಗಿಲ್ಲದ ಊರಿಗೆ ರೋಗ ಬಂದಿತೋ, ರೋಗ ಬಂದ ಊರಿಗೆ ಹೊಟ್ಟೆಗಿಲ್ಲದಾಯಿತೋ ಎಂದು ಬಿಡಿಸಿ ಹೇಳುವುದು ಕಷ್ಟ. ಹೀಗಾಗಿ ಇಲ್ಲಿನ ಸೇವೆ ಮೊದಲು ಅನ್ನದ ರೂಪದಲ್ಲಿ ಬಂತು, ಬಳಿಕ ಶಾಲೆಯಾಯಿತು, ಆಸ್ಪತ್ರೆಯಾದದ್ದು ಕೊನೆಗೆ. 2020ರಲ್ಲಿ ಕೋವಿಡ್ ಬಂದಾಗ ಜನ ಹೊಕ್ಕ ಬಾಗಿಲುಗಳಲ್ಲಿ ಹಲವು ಹೀಗೆ ಬೇರೆ ಕಾರಣಕ್ಕೆ ಕಟ್ಟಿದವು.

ಹಳೆಯ ಪ್ಲೇಗು

ಆದಿಲಶಾಹಿ ಅರಸೊತ್ತಿಗೆ 1686ರಲ್ಲಿ ಔರಂಗಜೇಬನಿಗೆ ಸೋತ ಎರಡೇ ವರ್ಷಕ್ಕೆ, 1688ರ ನವೆಂಬರಿನಲ್ಲಿ, ಬಿಜಾಪುರದಲ್ಲಿ (ಇಂದಿನ ವಿಜಯಪುರ) ಗಡ್ಡೆಪ್ಲೇಗು ಕಾಣಿಸಿಕೊಂಡಿತು. ಬಾದಶಹನ ಹೆಂಡತಿ ಔರಂಗಾಬಾದಿ ಮಹಲ್ ಅದಕ್ಕೇ ಬಲಿಯಾದಳು. ಸೇನಾಪತಿ ಫಿರೋಜ್ ಜಂಗನಿಗೆ ಜೀವ ಉಳಿಯಿತು, ಕಣ್ಣು ಹೋದವು. ಸತ್ತವರನ್ನು ಲಕ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಡಿಸೆಂಬರಿನಲ್ಲಿ ಔರಂಗಜೇಬ ಪಾಳೆಯ ಕಿತ್ತು ಹೊರಟುಹೋದ. ಪಿಡುಗು ಬಂದರೆ ಊರು ಬಿಡುವುದು ಅಂದು ದೊರೆಗೂ ಒಕ್ಕಲಿಗೂ ಗೊತ್ತಿದ್ದ ಒಂದೇ ಮದ್ದು. ಇಪ್ಪತ್ತನೇ ಶತಮಾನದ ಮೊದಲ ದಶಕಗಳವರೆಗೂ ಈ ಭಾಗದ ಹಳ್ಳಿಗರು ಇಲಿ ಬಿದ್ದ ಸುದ್ದಿ ಕಿವಿಗೆ ಬಿದ್ದೊಡನೆ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು.

ಬರ ಕಲಿಸಿದ್ದು

1876–78ರ ಮಹಾಕ್ಷಾಮದ ಹೊತ್ತಿಗೆ ಜಿಲ್ಲೆಗೆ ಕಲಾದಗಿ ಜಿಲ್ಲೆ ಎಂದು ಹೆಸರು. 1872 ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿನ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಪಾಲು ಇಲ್ಲವಾಯಿತು. ಹಸಿವಿನಿಂದ ಸತ್ತವರ ಜತೆಗೆ ವಾಂತಿಭೇದಿ, ಜ್ವರದಿಂದ ಸತ್ತವರೂ, ಗುಳೆ ಹೋಗಿ ಮರಳದವರೂ ಆ ಲೆಕ್ಕದಲ್ಲಿದ್ದಾರೆ. ಬರದಲ್ಲಿ ಕಾಳು ತರಲು ಅನುಕೂಲವಾಗಲೆಂದು ಗದಗ–ಹೊಟಗಿ ರೈಲುಹಾದಿ ಹಾಕಲಾಯಿತು. ಮುಂಬಯಿಯಲ್ಲಿ 1896ರಲ್ಲಿ ಪ್ಲೇಗು ಎದ್ದಾಗ ರೋಗಕ್ಕೂ ರೈಲೇ ಬಂಡಿಯಾದದ್ದು ಯಾರೂ ಎಣಿಸದ ಫಲ.

1904ರಲ್ಲಿ ವಕೀಲಿಗೆಂದು ಬಿಜಾಪುರಕ್ಕೆ ಬಂದ ಫ.ಗು. ಹಳಕಟ್ಟಿ (1880–1964) ನೋಡಿದ್ದು ಇಂಥ ಜಿಲ್ಲೆಯನ್ನು. ವಚನಗಳ ತಾಳೆಗರಿ ಹುಡುಕಿ ಅಚ್ಚು ಹಾಕಿಸಿದವರೆಂದೇ ನಾಡು ಅವರನ್ನು ನೆನೆಯುತ್ತದೆ, ಅದು ನ್ಯಾಯವೇ. ಆದರೆ ವಿಜಯಪುರದ ಮಟ್ಟಿಗೆ ಅವರ ಇನ್ನೊಂದು ಮುಖವೂ ಅಷ್ಟೇ ದೊಡ್ಡದು. 1910ರಲ್ಲಿ ಲಿಂಗಾಯತ ಶಿಕ್ಷಣ ಸಂಸ್ಥೆ (ಇಂದಿನ ಬಿ.ಎಲ್.ಡಿ.ಇ.), 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು, ಜತೆಗೆ ಬರ ನಿವಾರಣೆಯ ಕೆಲಸ. ವಚನಕಾರರ ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಅವರು ಬ್ಯಾಂಕಿನ ಖಾತೆಪುಸ್ತಕಕ್ಕೂ ಶಾಲೆಯ ಹಾಜರಿಪಟ್ಟಿಗೂ ಇಳಿಸಿದರು ಎನ್ನಬಹುದು. 1918ರ ಇನ್‌ಫ್ಲುಯೆಂಜಾ ಬಂದದ್ದು ಮಳೆ ಕೈಕೊಟ್ಟ ವರ್ಷದಲ್ಲಿಯೇ. 1921ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಮತ್ತೆ ಇಳಿದಿತ್ತು.

ಯಹೂದಿ ಕೊಂಡಿ

ವಿಜಯಪುರದಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಿಲ್ಲ. ಆದರೂ ಈ ಸೀಮೆಯ ಪಿಡುಗಿನ ಚರಿತ್ರೆಯಿಂದ ಯಹೂದಿಗಳ ಹೆಸರನ್ನು ತೆಗೆಯಲಾಗದು. 1956ರವರೆಗೆ ಬಿಜಾಪುರ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಕಂಡುಹಿಡಿದ ವಾಲ್ಡೆಮಾರ್ ಹಾಫ್‌ಕಿನ್ (1860–1930) ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. 1897ರ ಜನವರಿಯಲ್ಲಿ ಅದನ್ನು ಮೊದಲು ಚುಚ್ಚಿಕೊಂಡದ್ದು ತನಗೇ. ಸೂಜಿಗೆ ಹೆದರಿದ ಜನರನ್ನು ಒಲಿಸಲು ಸಮುದಾಯದ ಹಿರಿಯರೇ ಮುಂದೆ ಬರಬೇಕಾಯಿತು. ಇಸ್ಮಾಯಿಲಿ ಮುಸ್ಲಿಮರ ಗುರು ಆಗಾ ಖಾನ್ ಎಲ್ಲರೆದುರು ಚುಚ್ಚಿಸಿಕೊಂಡರು. ಬಗ್ದಾದಿನಿಂದ ಬಂದು ನೆಲೆಸಿದ ಯಹೂದಿ ಮನೆತನದ ಫ್ಲೋರಾ ಸಸೂನ್ ಕೂಡ ಹಾಫ್‌ಕಿನ್ನನ ಬೆನ್ನಿಗೆ ನಿಂತರು. ಪುಣೆಯ ಸಸೂನ್ ಆಸ್ಪತ್ರೆ ಇದೇ ಮನೆತನದ ದಾನ.

ಕನ್ನಡ ನೆಲದಲ್ಲಿ ಆ ಲಸಿಕೆಯ ದೊಡ್ಡ ಪರೀಕ್ಷೆ ನಡೆದದ್ದು 1898ರಲ್ಲಿ, ರೈಲ್ವೆ ಊರಾದ ಹುಬ್ಬಳ್ಳಿಯಲ್ಲಿ. ಡಾಕ್ಟರ್ ಲ್ಯೂಮನ್ ಮುಂದಾಳತ್ವದಲ್ಲಿ ಕೆಲವೇ ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಅದಕ್ಕೂ ಮೊದಲು ಪುಣೆಯಲ್ಲಿ ಮನೆ ನುಗ್ಗಿ ತಪಾಸಣೆ ಮಾಡಿದ ಸರ್ಕಾರಿ ಜುಲುಮೆ 1897ರಲ್ಲಿ ಅಧಿಕಾರಿ ರ್‍ಯಾಂಡ್‌ನ ಕೊಲೆಗೆ ತಲುಪಿತ್ತು. ಒಂದೇ ಪ್ರಾಂತದ ಎರಡು ಊರುಗಳು ಒಂದೇ ರೋಗಕ್ಕೆ ಹೀಗೆ ಬೇರೆಬೇರೆಯಾಗಿ ನಡೆದುಕೊಂಡವು. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತಾಗ ತಪ್ಪು ಹಾಫ್‌ಕಿನ್ನನ ತಲೆಗೆ ಬಂತು. ಅದು ಆತನ ಪ್ರಯೋಗಾಲಯದ ತಪ್ಪಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ಸರ್ಕಾರಕ್ಕೆ ವರ್ಷಗಳೇ ಹಿಡಿದವು.

ಎರಡು ಆಸ್ಪತ್ರೆಗಳು

ಸ್ವಾತಂತ್ರ್ಯದ ಬಳಿಕ ಬಂಥನಾಳದ ಸಂಗನಬಸವ ಶಿವಯೋಗಿಗಳ ಆಸರೆಯಲ್ಲಿ ಹಳಕಟ್ಟಿಯವರ ಸಂಸ್ಥೆ ಬೆಳೆಯಿತು. 1986ರಲ್ಲಿ ಅದರ ವೈದ್ಯಕೀಯ ಕಾಲೇಜು ಆರಂಭವಾಯಿತು. ತಿಕೋಟಾ ಕ್ಷೇತ್ರದ ಶಾಸಕರಾಗಿದ್ದ ಬಿ.ಎಂ. ಪಾಟೀಲರ ಹೆಸರು ಈಗ ಅದಕ್ಕಿದೆ. ಅದಕ್ಕೂ ಎರಡು ವರ್ಷ ಮೊದಲೇ, 1984ರಲ್ಲಿ, ಅಲ್-ಅಮೀನ್ ವೈದ್ಯಕೀಯ ಕಾಲೇಜು ಮುಸ್ಲಿಂ ಸಮುದಾಯದ ಮುಂದಾಳತ್ವದಲ್ಲಿ ಇದೇ ನಗರದಲ್ಲಿ ನಿಂತಿತ್ತು. ಬರದ ಜಿಲ್ಲೆಯೆಂದು ಹೆಸರು ಹೊತ್ತ ಊರಿನಲ್ಲಿ ಎರಡು ಸಮುದಾಯಗಳು ಎರಡೇ ವರ್ಷದ ಅಂತರದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದ್ದರ ಮಹತ್ವ ಅರಿವಾಗಲು 2020 ಬರಬೇಕಾಯಿತು.

ಕೋವಿಡ್ ವರ್ಷಗಳು

2020ರ ಏಪ್ರಿಲಿನಲ್ಲಿ ನಗರದ ಚಪ್ಪರಬಂದ್ ಬಡಾವಣೆಯಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಕಂಡವು. ಬಡಾವಣೆಗೆ ಬೇಲಿ ಬಿತ್ತು. ತಿಕೋಟಾ, ಬಬಲೇಶ್ವರಗಳು 2018ರಲ್ಲಷ್ಟೇ ತಾಲೂಕುಗಳಾಗಿದ್ದವು. ಬೋರ್ಡು ಹೊಸದು, ದೊಡ್ಡ ಕಾಯಿಲೆಯೆಂದರೆ ವಿಜಯಪುರವೇ ಗತಿ. ತಿಕೋಟಾ ಸೀಮೆಯಲ್ಲಿ ಅದು ದ್ರಾಕ್ಷಿಯ ಕಾಲ. ಸಾಗಣೆ ನಿಂತು ಹಸಿ ಹಣ್ಣಿಗೆ ಗಿರಾಕಿಯಿಲ್ಲದೆ ಬೆಳೆಗಾರರು ಇದ್ದಷ್ಟನ್ನೂ ಒಣದ್ರಾಕ್ಷಿಗೆ ಹಾಕಿದರು. ಮೇ ತಿಂಗಳಲ್ಲಿ ಮಹಾರಾಷ್ಟ್ರಕ್ಕೆ ದುಡಿಯಲು ಹೋಗಿದ್ದವರು ಹಿಂಡುಹಿಂಡಾಗಿ ಮರಳಿದರು, ಅವರಲ್ಲಿ ತಾಂಡಾಗಳ ಲಂಬಾಣಿಗಳು ಬಹಳ. ಅವರನ್ನು ಶಾಲೆ, ವಸತಿನಿಲಯಗಳಲ್ಲಿ ಕ್ವಾರಂಟೈನಿನಲ್ಲಿ ಇರಿಸಿದರು. ಊರಿಗೆ ಬಂದವನು ಊರೊಳಗೆ ಬಾರದೆ ಶಾಲೆಯ ಕಿಟಕಿಯಿಂದ ಮನೆಮಂದಿಯನ್ನು ನೋಡುವ ಕಾಲ ಅದು.

ಮಠದ ದಾಸೋಹ, ಮಸೀದಿಯ ಜಕಾತು, ಗುಡಿಯ ಅನ್ನಸಂತರ್ಪಣೆ, ಮೂರೂ ಆ ದಿನಗಳಲ್ಲಿ ‘ಕಿಟ್’ ಎಂಬ ಒಂದೇ ಹೆಸರಿಗೆ ಬಂದವು: ಜೋಳ ಅಥವಾ ಅಕ್ಕಿ, ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ ತುಂಬಿದ ಚೀಲ. ದಾಸೋಹವೆಂದರೆ ಪಂಕ್ತಿಯಲ್ಲಿ ಕೂತು ಉಣ್ಣುವುದು. ಚೀಲ ಹಿಡಿದು ಮನೆಗೆ ಹೋಗುವುದರಲ್ಲಿ ಅನ್ನ ಉಳಿಯಿತು, ಪಂಕ್ತಿ ಹೋಯಿತು. ಈ ಬದಲಾವಣೆ ಸಣ್ಣದೇನಲ್ಲ. ಪಂಕ್ತಿಯಿಲ್ಲದೆ ದಾಸೋಹವಿಲ್ಲದಂತೆ, ಯಹೂದಿಗಳಲ್ಲಿ ಹತ್ತು ಜನ ಕೂಡದೆ ಸಾಮೂಹಿಕ ಪ್ರಾರ್ಥನೆಯಿಲ್ಲ. 2020ರ ಮಾರ್ಚಿನಲ್ಲಿ ನ್ಯೂಯಾರ್ಕ್ ಬಳಿಯ ನ್ಯೂ ರೋಷೆಲ್ ಊರಿನ ಯಹೂದಿ ಸಭೆಯೊಂದರಲ್ಲಿ ಸೋಂಕು ಹರಡಿ, ಸದಸ್ಯರು ಮನೆಯೊಳಗೆ ಬಂದಿಯಾದಾಗ ಅವರಿಗೆ ಎದುರಾದದ್ದೂ ಕೂಡದೆ ಧರ್ಮ ನಡೆಸುವುದು ಹೇಗೆಂಬ ಇದೇ ಪ್ರಶ್ನೆ. ನ್ಯೂಯಾರ್ಕ್ ಸೀಮೆಯ ಯಹೂದಿಗಳಲ್ಲಿ ಗುಣವಾದವರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಪ್ಲಾಸ್ಮಾ ದಾನ ಮಾಡಿದರು. ಕೂಡುವುದೇ ಧರ್ಮವಾಗಿರುವವರಿಗೆ ಕೂಡದಿರುವುದು ಸೇವೆಯಾಯಿತು. ಇತ್ತ ವಿಜಯಪುರದಲ್ಲಿ, 2020ರ ರಂಜಾನ್ ಉಪವಾಸ ತೊಡಗಿದ ಮರುದಿನ, ಏಪ್ರಿಲ್ 26ರಂದು, ಬಸವ ಜಯಂತಿ. 2021ರ ಮೇ 14ರಂದು ಈದುಲ್ ಫಿತ್ರ್ ಮತ್ತು ಬಸವ ಜಯಂತಿ ಒಂದೇ ದಿನ ಬಿದ್ದವು. ಎರಡನೇ ಅಲೆಯ ಉಗ್ರ ದಿನಗಳವು. ಬಸವಣ್ಣನ ಜಿಲ್ಲೆಯಲ್ಲಿ ಮೆರವಣಿಗೆಯಿಲ್ಲ, ಈದ್ಗಾದಲ್ಲಿ ಸಾಲಿಲ್ಲ.

ಖಾಸಗಿ ಆಸ್ಪತ್ರೆಗಳ ಅರ್ಧ ಹಾಸಿಗೆಗಳನ್ನು ಕೋವಿಡ್ ರೋಗಿಗಳಿಗೆ ಮೀಸಲಿಡುವಂತೆ ರಾಜ್ಯ ಸರ್ಕಾರ 2020ರಲ್ಲಿ ಹೇಳಿತು. ವಿಜಯಪುರದಲ್ಲಿ ಜಿಲ್ಲಾಸ್ಪತ್ರೆಯ ಜತೆಗೆ ಬಿ.ಎಲ್.ಡಿ.ಇ. ಆಸ್ಪತ್ರೆ ಆ ಭಾರ ಹೊತ್ತಿತು.

ಮಣ್ಣು ಕೊಡುವುದು

ಎಲ್ಲಕ್ಕಿಂತ ಕಠಿಣವಾದದ್ದು ಶವಸಂಸ್ಕಾರ. ಲಿಂಗಾಯತರು ಶವವನ್ನು ಮೀಯಿಸಿ, ವಿಭೂತಿ ಹಚ್ಚಿ, ಕೂತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಮುಸ್ಲಿಮರಲ್ಲಿ ಗುಸ್ಲ್ ಎಂಬ ಕೊನೆಯ ಸ್ನಾನ, ಬಳಿಕ ಕಫನ್ ಬಟ್ಟೆ. ಯಹೂದಿಗಳಲ್ಲಿ ‘ಹೆವ್ರಾ ಕಡೀಷಾ’ ಎಂಬ ಸೇವಾಮಂಡಳಿ ಶವಕ್ಕೆ ‘ತಹಾರಾ’ ಎಂಬ ಶುದ್ಧಿಸ್ನಾನ ಮಾಡಿಸುತ್ತದೆ. ಸತ್ತವನು ತಿರುಗಿ ಉಪಕಾರ ಮಾಡಲಾರನಾದ್ದರಿಂದ ಅದನ್ನು ಫಲದಾಸೆಯಿಲ್ಲದ ಸೇವೆ ಎನ್ನುತ್ತಾರೆ. ಮೂರೂ ಕಡೆ ಮಣ್ಣೇ ಕೊನೆ, ಮೂರೂ ಕಡೆ ನೀರು ಮತ್ತು ಕೈ ಬೇಕು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚಿನಲ್ಲಿ ಹೊರಡಿಸಿದ ಸೂಚನೆಯಲ್ಲಿ ಶವಕ್ಕೆ ಸ್ನಾನವಿಲ್ಲ, ಅಪ್ಪುವಂತಿಲ್ಲ, ಮುತ್ತಿಡುವಂತಿಲ್ಲ. ಮುಟ್ಟದೆ ಮಂತ್ರ ಓದಬಹುದು, ದೂರದಿಂದ ನೀರು ಚಿಮುಕಿಸಬಹುದು. ಕುಳ್ಳಿರಿಸಬೇಕಾದ ದೇಹ ಚೀಲದಲ್ಲಿ ಮಲಗಿಯೇ ಹೋಯಿತು. ರಾಜ್ಯದ ಹಲವೆಡೆ ಸ್ವಯಂಸೇವಕರು ರಕ್ಷಾಕವಚ ತೊಟ್ಟು, ಜಾತಿ ಮತ ಕೇಳದೆ, ಬೇರೆಯವರ ಮನೆಯ ಹೆಣಕ್ಕೆ ಹೆಗಲು ಕೊಟ್ಟರು. ಈ ಕೆಲಸದ ದಾಖಲೆ ಕಡಿಮೆ, ಏಕೆಂದರೆ ಅಲ್ಲಿ ಫೋಟೊ ತೆಗೆಯಲು ಯಾರೂ ನಿಲ್ಲುತ್ತಿರಲಿಲ್ಲ.

ಮತ್ತೆ ಕೂಡಿದ್ದು

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ 1940ರಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದವರು. ಅವರ ಪ್ರವಚನವೆಂದರೆ ಬೆಳಗಿನ ಜಾವಕ್ಕೇ ಬಯಲು ತುಂಬುತ್ತಿತ್ತು. ಕೋವಿಡ್ ನಿರ್ಬಂಧಗಳು ಆ ಬಯಲನ್ನೂ ಖಾಲಿ ಮಾಡಿದ್ದವು. 2023ರ ಜನವರಿ 2ರಂದು ಅವರು ತೀರಿಕೊಂಡರು. ಮರುದಿನ ಸೈನಿಕ ಶಾಲೆಯ ಮೈದಾನದಲ್ಲಿ ದರ್ಶನಕ್ಕೆ ಲಕ್ಷಾಂತರ ಜನ ಸಾಲು ನಿಂತರು. ತಮ್ಮ ದೇಹವನ್ನು ಮಣ್ಣಿಗಿಡದೆ ಬೆಂಕಿಗಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಅದರಂತೆಯೇ ನಡೆಯಿತು. ಬೂದಿಯನ್ನು ಕೂಡಲಸಂಗಮದ ಹೊಳೆಗೂ ಗೋಕರ್ಣದ ಕಡಲಿಗೂ ಬಿಟ್ಟರು.